‘ಏನ್ ಕೆಲ್ಸ’ ಎಂದು ಕೇಳಿದ್ದೇ ತಪ್ಪಾಯಿತು

ಆ ಪ್ರಶ್ನೆ ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ನಮ್ಮ ಪ್ರಾಂಶುಪಾಲರನ್ನೋ, ಫೋನೆತ್ತಿ ಉತ್ತರ ಕೊಟ್ಟ ಅಪ್ಪ ಅವ್ವಂದಿರನ್ನೋ ದೂರುವುದು ಬೇಡ.

ನಾನು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಹುಟ್ಟಿದ್ದು ದುದ್ದದ ಹತ್ತಿರ, ಇರುವುದು ಮಂಡ್ಯದಲ್ಲಿ. ದಿನವೂ ಎರಡು ಬಸ್ಸು ಬದಲಾಯಿಸಿ ಬಂದು ಹೋಗುತ್ತೇನೆ. ಹತ್ತು ನಿಮಿಷ ಒಂದೇ ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ‘ನಿನ್ ಕಾಲ್ಗೆ ಚಕ್ರ ಕಟ್ಟವ್ರೆ’ ಎಂದು ನನ್ನವ್ವ ಬೈಯುತ್ತಿದ್ದಳು. ಬಹುಶಃ ಇದು ಗೊತ್ತಿದ್ದೇ ಪ್ರಾಂಶುಪಾಲರು, ಪಿಯು ಫಲಿತಾಂಶ ಬಂದ ವಾರ, ಎಲ್ಲರನ್ನೂ ಬಿಟ್ಟು ನನ್ನನ್ನೇ ಕರೆದರು.

“ಮೇಡಂ, ಒಂದು ಕೋಷ್ಟಕ ಬೇಕು. ನಮ್ಮಲ್ಲಿ ಯಾವ ಕಾಂಬಿನೇಶನ್ ಓದಿದೋರು ಈಗ ಏನ್ ಕೆಲಸದಲ್ಲಿದಾರೆ, ಎಷ್ಟು ದುಡೀತಿದಾರೆ. ತಪಾಸಣೆ ತಂಡ ಕೇಳ್ತದೆ. ನಮಗೂ ಬೇಕು. ಒಂದು ಕಾಂಬಿನೇಶನ್ ನಿಲ್ಲಿಸ್ಬೇಕಾಗಿ ಬರ್ಬೋದು.”

ಯಾವುದು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಜೊತೆಗೆ ರೇಷ್ಮೆ ಕೃಷಿ ಇರುವ ಒಂದು ಕಾಂಬಿನೇಶನ್ ನಮ್ಮಲ್ಲಿದೆ. ಸುತ್ತಮುತ್ತ ಬೇರೆಲ್ಲೂ ಇಲ್ಲ. ಸೇರುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಹದಿನೈದು ಜನ ಆಗದಿದ್ದರೆ ಈ ಸಲ ದಾಖಲಾತಿಯೇ ಇಲ್ಲ ಎಂದು ಪ್ರಾಂಶುಪಾಲರು ಆಗಲೇ ತೀರ್ಮಾನಿಸಿದ್ದರು.

ರೇಷ್ಮೆ ನಿಂತರೆ ಒಬ್ಬ ಮನುಷ್ಯನ ಅನ್ನವೂ ನಿಲ್ಲುತ್ತಿತ್ತು. ರೇಷ್ಮೆ ಮೇಷ್ಟ್ರು. ನಮ್ಮ ಕಾಲೇಜಿನಲ್ಲೇ ರೇಷ್ಮೆ ಓದಿ, ಮೈಸೂರಿನಲ್ಲಿ ಎಂಎಸ್ಸಿ ಮಾಡಿ, ಹದಿನಾಲ್ಕು ವರ್ಷದಿಂದ ಇಲ್ಲಿ ಅತಿಥಿ ಉಪನ್ಯಾಸಕರಾಗಿದ್ದವರು. ಹದಿನಾಲ್ಕು ವರ್ಷ ಉಳಿದುಕೊಂಡ ಅತಿಥಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನೆಯಲ್ಲಿ ಹೆಂಡತಿ, ಹತ್ತನೇ ಕ್ಲಾಸಿನ ಮಗಳು. ಜಮೀನಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಎದುರು ಮೇಜು ಅವರದ್ದು. ನಾನು ಕೋಷ್ಟಕದ ವಿಷಯ ಹೇಳಿದಾಗ ಅವರು ನಕ್ಕು, “ಮಾಡಿ ಮೇಡಂ, ನಮ್ಮ ಮಕ್ಳು ಎಲ್ಲೆಲ್ಲವ್ರೆ ಅಂತ ನಂಗೂ ತಿಳೀಲಿ” ಎಂದರು. ಆ ನಗುವಿನಲ್ಲಿ ಭಯ ಇತ್ತು. ನಾನು ನೋಡಿಯೂ ನೋಡದಂತೆ ರಿಜಿಸ್ಟರ್ ತೆರೆದೆ.

ಕೆಲಸ ಹೀಗೆ. ಹಳೆಯ ದಾಖಲಾತಿ ಪುಸ್ತಕದಿಂದ ಹೆಸರು, ಊರು, ಫೋನ್ ನಂಬರು ಬರೆದುಕೊಳ್ಳುವುದು. ನಂಬರುಗಳಲ್ಲಿ ಅರ್ಧ ಸತ್ತಿರುತ್ತವೆ. ಉಳಿದವು ಅಪ್ಪನದೋ ಚಿಕ್ಕಪ್ಪನದೋ ಆಗಿರುತ್ತವೆ. ಫೋನ್ ಮಾಡಿ ನಾನೇ ಬರೆದಿಟ್ಟುಕೊಂಡಿದ್ದ ಎರಡು ಪ್ರಶ್ನೆ ಕೇಳುವುದು: ನಿಮ್ಮ ಮಗ ಅಥವಾ ಮಗಳು ಈಗ ಏನ್ ಕೆಲ್ಸ ಮಾಡ್ತಿದಾರೆ? ಸಂಬಳ ಎಷ್ಟು? ಉತ್ತರವನ್ನು ಮೂರು ಕಾಲಮ್ಮುಗಳಲ್ಲಿ ಒಂದಕ್ಕೆ ಹಾಕುವುದು. ಮುಂದಿನ ಓದು, ಉದ್ಯೋಗ, ನಿರುದ್ಯೋಗ. ಇಷ್ಟೇ. ಬಸ್ಸಿನಲ್ಲಿ, ಪಾಠದ ನಡುವಿನ ಬಿಡುವಿನಲ್ಲಿ, ಅನ್ನ ಬೇಯುವ ಹೊತ್ತಿನಲ್ಲಿ, ಎಲ್ಲಿ ಎರಡು ನಿಮಿಷ ಸಿಕ್ಕಿತೋ ಅಲ್ಲೆಲ್ಲ ಕಿವಿಗೆ ಫೋನ್ ಹಚ್ಚಿದೆ.

ಜನ ನಂಬಬೇಕಲ್ಲ! “ಯಾವ್ ಕಾಲೇಜ್ನೋರು? ಯಾಕ್ ಬೇಕು ನಿಮ್ಗೆ ನಮ್ ಉಡ್ಗನ್ ಸಂಬ್ಳ? ರೇಸನ್ ಕಾರ್ಡ್ ಕಿತ್ಕಳಾಕಾ?” ಎಂದು ಬೆಸಗರಹಳ್ಳಿಯ ಒಬ್ಬ ಅಜ್ಜ ಜಾಡಿಸಿದ. ಕಾರ್ಡಿಗೂ ನನಗೂ ಸಂಬಂಧ ಇಲ್ಲ ಅಜ್ಜಾ ಎಂದರೆ, “ಎಲ್ರೂ ಅಂಗೇ ಅನ್ನಾದು” ಎಂದು ಇಟ್ಟೇಬಿಟ್ಟ. ಬಿಕಾಂ ಓದಿದವರ ಮನೆಗಳಲ್ಲಿ ಉತ್ತರ ಗರಿಗರಿಯಾಗಿ ಬರುತ್ತಿತ್ತು. “ಕೆಲ್ಸದಲ್ಲವ್ನೆ, ಕಂಪ್ನೀಲಿ.” ರೇಷ್ಮೆ ಓದಿದವರ ಮನೆಗಳಲ್ಲಿ ಮಾತ್ರ ಒಂದೇ ರಾಗ. “ಏನ್ ಕೆಲ್ಸವೂ ಇಲ್ಲ ಕಣಮ್ಮ, ಮನೇಲೇ ಅವ್ನೆ.” “ಮದ್ವೆ ಆಯ್ತು ಬುಡಿ, ಮನೇಲವಳೆ.” ಮನೇಲವ್ನೆ, ಮನೇಲವಳೆ. ಕೇಳಿ ಕೇಳಿ ನನಗೇ ಸಂಕಟವಾಯಿತು. ಆದರೂ ಕೈ ನಿಲ್ಲಲಿಲ್ಲ. ನಿರುದ್ಯೋಗ, ನಿರುದ್ಯೋಗ ಎಂದು ಟಿಕ್ ಹಾಕುತ್ತಾ ಹೋದೆ.

ರೇಷ್ಮೆಯ ಪಟ್ಟಿಯಲ್ಲಿ ನನಗೆ ಸಿಕ್ಕ ಮೂವತ್ತೆಂಟು ಹೆಸರುಗಳಲ್ಲಿ ಉದ್ಯೋಗದ ಕಾಲಮ್ಮಿಗೆ ಬಂದವು ಐದು. ಅದರಲ್ಲಿ ಒಂದು, ಎದುರು ಮೇಜಿನ ರೇಷ್ಮೆ ಮೇಷ್ಟ್ರದೇ. ಅವರೂ ನಮ್ಮ ಹಳೆಯ ವಿದ್ಯಾರ್ಥಿ ತಾನೆ? ಅವರನ್ನು ಪ್ರಶ್ನೆ ಕೇಳುವ ಗೋಜಿಗೂ ನಾನು ಹೋಗಲಿಲ್ಲ. ಕಣ್ಣೆದುರೇ ಕೆಲಸದಲ್ಲಿದ್ದಾರಲ್ಲ ಎಂದು ಟಿಕ್ ಹಾಕಿದೆ.

ಕೋಷ್ಟಕ ಕೊಟ್ಟ ಮಾರನೆಯ ದಿನ ಬಂದು ನೋಡುತ್ತೇನೆ, ದಾಖಲಾತಿ ಕೌಂಟರಿನ ಪಕ್ಕದ ಗೋಡೆಗೆ ಅದು ಏರಿದೆ. ಬರೀ ಮೊತ್ತ ಅಲ್ಲ, ಹೆಸರು ಊರುಗಳ ಸಮೇತ ಇಡೀ ಪಟ್ಟಿ. ಮೇಲೆ ಕೆಂಪು ಅಕ್ಷರದಲ್ಲಿ, ‘ಯೋಚಿಸಿ ಆಯ್ಕೆ ಮಾಡಿ’. ಹೆಸರು ಹಾಕಬಾರದಿತ್ತು ಸಾರ್ ಎಂದು ನಾನು ಗೊಣಗಿದೆ. “ಇರ್ಲಿ ಬಿಡಿ ಮೇಡಂ, ಆಧಾರ ಇದ್ರೇನೇ ಜನ ನಂಬೋದು” ಎಂದರು ಪ್ರಾಂಶುಪಾಲರು. ಜನ ನಂಬಿದರು. ರೇಷ್ಮೆಗೆ ಅಲ್ಲಿಯವರೆಗೆ ಒಂಬತ್ತು ಅರ್ಜಿ ಬಂದಿದ್ದವು, ಎರಡೇ ದಿನದಲ್ಲಿ ನಾಲ್ವರು ಬಂದು ಬದಲಾಯಿಸಿಕೊಂಡು ಹೋದರು. ಎದುರು ಮೇಜಿನ ಮನುಷ್ಯ ಆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಸಿಟ್ಟಿನಿಂದಲ್ಲ. ಏನು ಮಾತಾಡುವುದು ಎಂದು ತಿಳಿಯದೆ. ಅವರು ಒಂದು ಸಲ ಬೈದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಮೂರನೆಯ ದಿನ ಕೌಂಟರಿನಲ್ಲಿ ನನ್ನ ಪಾಳಿ. ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆಯ ಒಬ್ಬ ರೈತ ಮಗಳನ್ನು ಕರೆದುಕೊಂಡು ಬಂದಿದ್ದ. ಹುಡುಗಿಗೆ ರೇಷ್ಮೆ ತೆಗೆದುಕೊಳ್ಳುವ ಆಸೆ, ಅಪ್ಪನಿಗೆ ಸುತರಾಂ ಇಷ್ಟವಿಲ್ಲ.

“ಉಳ ಸಾಕಾಕೆ ಕಾಲೇಜ್ ಯಾಕ್ ಬೇಕು ಕಣಮ್ಮಿ? ಮನೇಲಿ ನಾವೇನ್ ಮಾಡ್ತಾ ಇರಾದು? ಬಿಕಾಂ ಬರ್ಸು, ಸುಮ್ಕೆ.”

ಹುಡುಗಿ ಮುಖ ದಪ್ಪ ಮಾಡಿಕೊಂಡು ಗೋಡೆ ಕಡೆ ತಿರುಗಿದಳು. ಅಪ್ಪನೂ ಗೋಡೆ ನೋಡಿದ. ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾ ಹೋದವನು ಹದಿಮೂರನೆಯ ಹೆಸರಿನಲ್ಲಿ ನಿಂತ. ಮತ್ತೊಂದು ಸಲ ಓದಿದ. ಆಮೇಲೆ ಇಡೀ ವರಾಂಡ ತಿರುಗಿ ನೋಡುವಂತೆ ನಕ್ಕ.

“ಯಾರಮ್ಮ ಇದ್ನ ಬರ್ದೋರು?”

“ನಾನೇ. ಯಾಕೆ?”

“ಈ ಯಮ್ಮ ನಿರುದ್ಯೋಗಿಯಾ? ಅಯ್ಯೋ ನಿಮ್ಮ! ನಾನ್ ಚಾಕಿ ಉಳ ತತ್ತಾ ಇರಾದೇ ಈ ಯಮ್ಮನ್ ತಾವ ಕಣ್ರೀ. ಈ ಯಮ್ಮ ಒಂದ್ ವಾರ ಬಾಗ್ಲಾಕುದ್ರೆ ಸುತ್ತಾ ಏಳ್ ಅಳ್ಳೀಲಿ ಬೆಳೆನೇ ಇಲ್ಲ. ನಿರುದ್ಯೋಗಿಯಂತೆ!”

ನನ್ನ ಕಿವಿ ಬಿಸಿಯಾಯಿತು. ಆ ಮನೆಗೆ ನಾನೇ ಫೋನ್ ಮಾಡಿದ್ದೆ, ಚೆನ್ನಾಗಿ ನೆನಪಿತ್ತು. ಅತ್ತೆ ಎತ್ತಿ ‘ಮನೇಲವಳೆ’ ಎಂದಿದ್ದರು. “ಅವರ ಮನೆಯವರೇ ಹೇಳಿದ್ದು” ಎಂದೆ. ಆತ ಇನ್ನೂ ನಗುತ್ತಲೇ, “ಮನೇಲೇ ಅಲ್ವಾ ಮತ್ತೆ ಇರಾದು? ಉಳದ ಮನೆ ಇರಾದೇ ಮನೆ ಇತ್ಲಲ್ಲಿ” ಎಂದ. ಇಷ್ಟೆಲ್ಲ ಹೇಳಿಯೂ ಮಗಳಿಗೆ ಬಿಕಾಮೇ ಬರೆಸಿಕೊಂಡು ಹೋದ, ಆ ಮಾತು ಬೇರೆ.

ಆ ದಿನ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಮಾರನೆಯ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಮದ್ದೂರಿನಲ್ಲಿ ಕೊಪ್ಪದ ಬಸ್ಸು ಹತ್ತಿದೆ. ಆಧಾರ್ ತೋರಿಸಿ ಟಿಕೆಟ್ ತೆಗೆದುಕೊಂಡು ಕೂತರೆ, ಬಸ್ಸು ಗದ್ದೆ ಬಯಲಿನ ನಡುವೆ ಪ್ರತಿ ಮರಕ್ಕೂ ನಿಂತು ನಿಂತು ಹೋಗುತ್ತಿದೆ. ನನಗೋ ಡ್ರೈವರನ್ನು ಎಬ್ಬಿಸಿ ನಾನೇ ಓಡಿಸಬೇಕೆನಿಸುವಷ್ಟು ಚಡಪಡಿಕೆ. ಒಂದು ಹೆಸರು ತಪ್ಪಾಗಿದ್ದರೆ ಅದು ತಪ್ಪು. ಉಳಿದ ಮೂವತ್ತೆರಡೂ ತಪ್ಪಾಗಿದ್ದರೆ?

ಮನೆ ಹುಡುಕುವುದು ಕಷ್ಟವಾಗಲಿಲ್ಲ. ‘ಚಾಕಿಯಮ್ಮನ ಮನೆ’ ಎಂದರೆ ಸಣ್ಣ ಮಕ್ಕಳೂ ತೋರಿಸಿದರು. ಜಗುಲಿಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮೊರದಲ್ಲಿ ಅವರೆಕಾಳು ಹಿಡಿದು ಕೂತ ಅತ್ತೆ. ನಾನು ಯಾರೆಂದು ಹೇಳಿದೆ.

“ಓ, ಫೋನ್ ಮಾಡಿದ್ರಲ್ಲ, ನೀವೇನಾ! ಬನ್ನಿ ಕೂತ್ಕಳಿ. ಅವಳು ಉಳದ್ ಮನೇಲವಳೆ. ಸೊಪ್ಪು ಕೊಡಾ ಒತ್ತು.”

“ಅಮ್ಮಾ, ನಾನು ಕೇಳಿದಾಗ ಏನೂ ಕೆಲಸ ಇಲ್ಲ ಅಂದ್ರಲ್ಲ?”

“ಇಲ್ವಲ್ಲ ಮತ್ತೆ? ಕೆಲ್ಸ ಅಂದ್ರೆ ಬ್ಯಾಗಾಕಂಡ್ ಓಗಿ, ತಿಂಗ್ಳಾದ್ರೆ ಸಂಬ್ಳ ತರಾದು. ಇದು ಮನೇ ಕಸುಬು. ಇದ್ನ ಯಾರ್ ಕೆಲ್ಸ ಅಂದಾರು?”

ನಾನು ಅಲ್ಲೇ ಜಗುಲಿ ಮೇಲೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನಾನೂ ಇದೇ ಮಂಡ್ಯದ ಮಣ್ಣಿನವಳು! ನಮ್ಮಪ್ಪ ಇಡೀ ದಿನ ಕಬ್ಬಿನ ಗದ್ದೆಯಲ್ಲಿ ಮೈ ಮುರಿದರೂ, ಯಾರಾದರೂ ಕೇಳಿದರೆ ‘ಏನಿಲ್ಲ, ಮನೇಲಿವ್ನಿ’ ಎನ್ನುತ್ತಿದ್ದ. ‘ಕೆಲ್ಸ ಸಿಕ್ತಾ?’ ಎಂದು ನಮ್ಮೂರಲ್ಲಿ ಕೇಳಿದರೆ ಅದರ ಅರ್ಥ ಒಂದೇ, ಸಂಬಳದ ನೌಕರಿ ಸಿಕ್ಕಿತೇ ಎಂದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಂಎ ಮಾಡಿದ ಮೇಲೆ ಪುಸ್ತಕದ ‘ಉದ್ಯೋಗ’ ಎಂಬ ಪದವನ್ನು ಇವರ ಬಾಯಿಯ ‘ಕೆಲ್ಸ’ಕ್ಕೆ ಸರಿಸಮ ಎಂದುಕೊಂಡು ಟಿಕ್ ಹಾಕಿದ್ದೆ. ಹೊರಗಿನಿಂದ ಬಂದವರು ಈ ತಪ್ಪು ಮಾಡಿದ್ದರೆ ನಾನೇ ನಗುತ್ತಿದ್ದೆ.

ಹಿತ್ತಲಿನ ಹುಳುವಿನ ಮನೆಯ ಬಾಗಿಲಲ್ಲಿ ಸುಣ್ಣ ಹರಡಿದ ಚೌಕಟ್ಟು. ಅದನ್ನು ತುಳಿದು, ಕೈ ತೊಳೆದು ಒಳಗೆ ಹೋಗಬೇಕು. ಒಳಗಿನಿಂದ ಬಂದ ಮೂವತ್ತರ ಆಸುಪಾಸಿನ ಹೆಂಗಸು ನನ್ನ ಮುಡಿ ನೋಡಿದವಳೇ, “ಮೇಡಂ, ಹೂವ ಹೊರಗಿಟ್ಟು ಬನ್ನಿ, ಬೇಜಾರಾಗ್ಬೇಡಿ. ಪೌಡರ್ ಹಾಕಿದ್ರೆ ಮುಖಾನೂ ತೊಳೀರಿ. ಈ ಹುಳಕ್ಕೆ ವಾಸನೆ ಆಗಲ್ಲ” ಎಂದಳು. ತೊಳೆದೆ.

ಮೊಟ್ಟೆ ಒಡೆದ ಹುಳುವನ್ನು ಮೊದಲ ಹತ್ತು ದಿನ ಸಾಕಿ ಕೊಡುವುದು ಚಾಕಿ. ಆ ವಯಸ್ಸಿನಲ್ಲಿ ಹುಳು ಎಂದರೆ ಕಣ್ಣಿಗೆ ಕಾಣುವ ಇರುವೆಯಷ್ಟೇ. ಎಳೆ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಬೇಕು, ಕೋಣೆಯ ಬಿಸಿ ಮತ್ತು ತೇವ ಒಂದೇ ಹದದಲ್ಲಿ ಇರಬೇಕು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಸೊಪ್ಪು ಕೊಟ್ಟರೂ ಕೆಟ್ಟಿತು, ಎದ್ದಾಗ ತಡ ಮಾಡಿದರೂ ಕೆಟ್ಟಿತು. ಎರಡನೆಯ ಜ್ವರ ಎದ್ದ ಮೇಲೆ ರೈತರು ಬಂದು ಒಯ್ಯುತ್ತಾರೆ. ಇಲ್ಲಿ ಸೊರಗಿದ ಹುಳು ಮುಂದೆ ಏನು ತಿಂದರೂ ಒಳ್ಳೆಯ ಗೂಡು ಕಟ್ಟುವುದಿಲ್ಲ. ಆಕೆ ಇದನ್ನೆಲ್ಲ ಎಲೆ ಹೆಚ್ಚುತ್ತಲೇ ಹೇಳಿದಳು, ನನ್ನ ಮುಖ ನೋಡಲಿಲ್ಲ.

“ಜಮೀನು?”

“ನಮ್ದಾ? ಒಂದ್ ಗುಂಟೆನೂ ಇಲ್ಲ. ಸೊಪ್ಪಿಗೆ ಒಂದೆಕರೆ ಗುತ್ತಿಗೆಗೆ ತಗೊಂಡಿದೀನಿ. ಜಮೀನಿದ್ದೋರು ದೊಡ್ಡ ಹುಳ ಸಾಕ್ತಾರೆ. ಇಲ್ದೋರಿಗೆ ಚಾಕಿ. ಇದಕ್ಕೆ ನೆಲಕ್ಕಿಂತ ತಲೆ ಜಾಸ್ತಿ ಬೇಕು. ರೇಷ್ಮೆ ಸಾರ್ ಹೇಳ್ಕೊಟ್ಟಿದ್ದು.” ಹೆಚ್ಚಿದ ಸೊಪ್ಪನ್ನು ತಟ್ಟೆಗೆ ಹರಡುತ್ತಾ ಕೇಳಿದಳು, “ಸಾರ್ ಚೆನ್ನಾಗಿದಾರಾ?”

ಚೆನ್ನಾಗಿದ್ದಾರೆ ಎಂದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಿರ್ಧಾರ ಮಾಡಿದೆ. ಕೋಷ್ಟಕ ಗೋಡೆಯಿಂದ ಇಳಿಯಬೇಕು. ದಾಖಲಾತಿ ಮುಗಿಯಲು ಆರು ದಿನ ಉಳಿದಿತ್ತು. ಅಷ್ಟರಲ್ಲಿ ಪ್ರತಿಯೊಂದು ಹೆಸರಿಗೂ ಮತ್ತೆ ಫೋನ್ ಮಾಡಬೇಕು. ರೇಷ್ಮೆಯವರಿಗೆ ಮಾತ್ರವಲ್ಲ, ಬಿಕಾಂ, ಬಿಎ, ಬಿಸಿಎ ಎಲ್ಲರಿಗೂ. ರೇಷ್ಮೆಯೊಂದನ್ನೇ ತಿದ್ದಿದರೆ ಅದು ಎದುರು ಮೇಜಿನವರ ಮೇಲಿನ ದಾಕ್ಷಿಣ್ಯ ಆಗುತ್ತದೆಯೇ ಹೊರತು ಲೆಕ್ಕ ಆಗುವುದಿಲ್ಲ.

ಕಾಲೇಜಿಗೆ ಬಂದವಳೇ ಕಾಗದವನ್ನು ನಾನೇ ಕಿತ್ತೆ. ಪ್ರಾಂಶುಪಾಲರು ಕರೆಸಿದರು.

“ಏನ್ ಮೇಡಂ ಇದು! ನೀವೇ ಕೊಟ್ಟ ಕೋಷ್ಟಕ, ನೀವೇ ಕೀಳ್ತೀರಾ?”

“ತಪ್ಪಾಗಿದೆ ಸಾರ್.”

“ಮೇಲಕ್ಕೆ ಕಳಿಸಿ ಆಯ್ತು. ಈಗ ತಪ್ಪು ಅಂದ್ರೆ ಮರ್ಯಾದೆ ಯಾರ್ದು ಹೋಗೋದು?”

“ನಂದು. ತಪ್ಪು ನಂದೇ ಅಂತ ಸಹಿ ಹಾಕಿ ಕೊಡ್ತೀನಿ. ಆರು ದಿನ ಕೊಡಿ. ಅಲ್ಲೀವರೆಗೂ ರೇಷ್ಮೆ ಮುಚ್ಚಬೇಡಿ.”

ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ, ತಲೆನೋವು ಬೇಡ ಎನ್ನುವವರು ಅಷ್ಟೆ. “ಹದಿನೈದು ಆಗ್ಲೇಬೇಕು ಮೇಡಂ. ಹದಿನಾಲ್ಕಾದ್ರೂ ನಾನು ಜವಾಬ್ದಾರ ಅಲ್ಲ” ಎಂದರು. ಆಗ ಇದ್ದದ್ದು ಐದು.

ಹೊಸ ಪ್ರಶ್ನೆ ಬಹಳ ಸರಳ. ಏನ್ ಕೆಲ್ಸ ಎಂದು ಕೇಳಲೇ ಇಲ್ಲ. “ನಿನ್ನೆ ಬೆಳಿಗ್ಗೆ ಎದ್ದೋರು ಸಂಜೆವರೆಗೂ ಏನೇನ್ ಮಾಡಿದ್ರು?” ಎಂದು ಕೇಳಿದೆ. ದುಡಿಮೆಗೆ ಬಂದರೆ ಸಂಬಳ ಎನ್ನದೆ, “ಮನೆ ಖರ್ಚು ಇದ್ರಲ್ಲೇ ನಡೀತದಾ, ಬೇರೆ ಕಡೆ ಕೈ ಚಾಚಬೇಕಾ?” ಎಂದೆ. ರೇಷನ್ ಕಾರ್ಡಿನ ಭಯ ಇದಕ್ಕೆ ಏಳಲಿಲ್ಲ. ಇನ್ನೊಂದು ಕಾಲಮ್ಮು ಹೊಸದಾಗಿ ಸೇರಿಸಿದೆ: ಓದುವಾಗ ಮನೆಯಲ್ಲಿ ಜಮೀನು ಇತ್ತೇ?

ಜನ ಈಗ ಬಾಯಿ ತುಂಬ ಮಾತಾಡಿದರು, ಇಡಿ ಎಂದರೂ ಇಡಲಿಲ್ಲ. ಮನೇಲವ್ನೆ ಎಂದಿದ್ದ ಒಬ್ಬ ಮಳವಳ್ಳಿ ಕಡೆ ಗೂಡಿನ ಸಾಗಾಣಿಕೆ ಮಾಡುತ್ತಿದ್ದ. ಇನ್ನೊಬ್ಬ ಅಣ್ಣನ ಜೊತೆ ಎರಡು ಹುಳುವಿನ ಮನೆ ಕಟ್ಟಿದ್ದ. ಕಂಪ್ನೀಲವ್ನೆ ಎಂದು ಗರಿಗರಿಯಾಗಿ ಹೇಳಿಸಿಕೊಂಡಿದ್ದ ಬಿಕಾಂ ಹುಡುಗರಲ್ಲಿ ಹಲವರು ಕಂಟ್ರಾಕ್ಟಿನಲ್ಲಿದ್ದರು. ಆರು ತಿಂಗಳು ಒಳಗೆ, ಮೂರು ತಿಂಗಳು ಹೊರಗೆ. ಚರಿತ್ರೆ ಓದಿದ ಒಬ್ಬಳು ಬ್ಯೂಟಿ ಪಾರ್ಲರ್ ಇಟ್ಟು ಅವರೆಲ್ಲರಿಗಿಂತ ನೆಮ್ಮದಿಯಾಗಿದ್ದಳು. ಹಾಗೆಂದು ರೇಷ್ಮೆಯೇನೂ ಹಾಲು ಜೇನಾಗಿ ಹೊರಬರಲಿಲ್ಲ. ಒಬ್ಬ ಚಾಕಿ ಇಟ್ಟು ಎರಡು ಸಲ ಹುಳು ಸತ್ತು ಕೈ ಸುಟ್ಟುಕೊಂಡು ಟೆಂಪೋ ಓಡಿಸುತ್ತಿದ್ದ. ನಿಜಕ್ಕೂ ಮನೆಯಲ್ಲೇ ಇದ್ದು, ಮನೆಯವರು ಹೊರಗೆ ಬಿಡದ ಹೆಣ್ಣುಮಕ್ಕಳೂ ಇದ್ದರು. ಜಮೀನಿದ್ದವರು ಯಾವ ವಿಷಯ ಓದಿದ್ದರೂ ಒಂದು ಮಟ್ಟಕ್ಕೆ ನಿಂತಿದ್ದರು. ಇಲ್ಲದವರಿಗೆ ಮಾತ್ರ, ಓದಿದ ವಿಷಯ ಕೈಗೆ ಒಂದು ಕಸುಬು ಕೊಟ್ಟಿತೇ ಇಲ್ಲವೇ ಎನ್ನುವುದೇ ಎಲ್ಲ. ನಾನು ಅರ್ಥಶಾಸ್ತ್ರ ತೆಗೆದುಕೊಂಡದ್ದು ಆ ಕೌಂಟರಿನ ಸಾಲು ಚಿಕ್ಕದಿತ್ತು ಎಂದು. ಮನೆಯಲ್ಲಿ ಕಬ್ಬಿನ ಗದ್ದೆ ಇತ್ತು, ಅದಕ್ಕೇ ಆ ಉಡಾಫೆ ನಡೆಯಿತು ಎಂದು ಇಷ್ಟು ವರ್ಷಕ್ಕೆ ಹೊಳೆಯಿತು.

ನಾಲ್ಕನೆಯ ದಿನ ಪಟ್ಟಿಯಲ್ಲಿ ಒಂದೇ ಹೆಸರು ಉಳಿದಿತ್ತು. ಆ ಮನುಷ್ಯ ಎದುರೇ ಕೂತು ಚಹಾ ಕುಡಿಯುತ್ತಿದ್ದರು.

“ಮೇಷ್ಟ್ರೇ, ನಿಮ್ಮದೂ ಕೇಳ್ಬೇಕು.”

“ಕೇಳಿ.”

“ನಿನ್ನೆ ಬೆಳಿಗ್ಗೆ ಎದ್ದು ಏನ್ ಮಾಡಿದ್ರಿ?”

ಅವರು ಲೋಟ ಕೆಳಗಿಟ್ಟರು. “ನಿನ್ನೆ ಭಾನುವಾರ. ಬಾಮೈದನ ಗೊಬ್ಬರದಂಗಡೀಲಿ ಕೂತಿದ್ದೆ. ರಜೆ ಬಂದ್ರೆ ಅಲ್ಲೇ. ವರ್ಷದಲ್ಲಿ ಹತ್ತು ತಿಂಗ್ಳು ಕಾಲೇಜು, ಉಳಿದಿದ್ದು ಚೀಲ ಎಣಿಸೋದು.”

“ಮನೆ ಖರ್ಚು?”

“ಹೆಂಡ್ತಿ ಟೈಲರಿಂಗ್ ಮಾಡ್ತಾಳೆ.” ಲೋಟ ಮತ್ತೆ ಕೈಗೆತ್ತಿಕೊಂಡರು. “ಇದ್ದದ್ದು ಇದ್ದಂಗೇ ಬರ್ಕೊಳ್ಳಿ ಮೇಡಂ. ನಿಮಗೆ ಸಂಕೋಚ ಬೇಡ.”

ಬರೆದುಕೊಂಡೆ. ಮೂವತ್ತೆಂಟರಲ್ಲಿ ನಾನು ಕಣ್ಣು ಮುಚ್ಚಿ ಉದ್ಯೋಗ ಎಂದು ಹಾಕಿದ್ದ ಸಾಲು ಇದು.

ಹೊಸ ಪಟ್ಟಿ ಗೋಡೆಗೆ ಬಂತು. ಈ ಸಲ ಹೆಸರಿಲ್ಲ, ಊರಿಲ್ಲ. ಓದಿದ ವಿಷಯ, ಜಮೀನು ಇತ್ತೇ ಇಲ್ಲವೇ, ದಿನವಿಡೀ ಏನು ಮಾಡುತ್ತಾರೆ, ಮನೆ ನಡೆಯುತ್ತದೆಯೇ. ಒಬ್ಬೊಬ್ಬರಿಗೆ ಒಂದೊಂದು ಸಾಲು, ಗೋಡೆಯ ತುಂಬ. “ಇದೇನ್ ಮೇಡಂ, ಪಂಚಾಂಗ ಇದ್ದಂಗಿದೆ, ಯಾರ್ ಓದ್ತಾರೆ?” ಎಂದರು ಪ್ರಾಂಶುಪಾಲರು. ಓದಿದರು. ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಅಪ್ಪಂದಿರು ಓದಿದರು, ಓದಲು ಬಾರದ ಅವ್ವಂದಿರು ಮಕ್ಕಳಿಂದ ಓದಿಸಿದರು. ಬಿಟ್ಟು ಹೋಗಿದ್ದ ನಾಲ್ವರಿಗೂ ನಾನು ಫೋನ್ ಮಾಡಿ, ತಪ್ಪು ನಂದು, ಬಂದು ಇನ್ನೊಂದು ಸಲ ನೋಡಿ, ನಿಮಗೆ ತಿಳಿದಂತೆ ಮಾಡಿ ಎಂದೆ. ಮೂವರು ವಾಪಸ್ಸು ಬಂದರು. ಒಬ್ಬ ಬರಲಿಲ್ಲ. “ಒಂದ್ ಸಲ ಅಂಗೆ, ಒಂದ್ ಸಲ ಇಂಗೆ. ನಿಮ್ದು ಗೋಡೆನಾ ಗೋಸುಂಬೆನಾ?” ಎಂದು ಅವನ ಅಪ್ಪ ಉಗಿದ. ಉಗಿಸಿಕೊಂಡೆ, ಬೇರೆ ದಾರಿ ಏನಿತ್ತು?

ಎಂಟು, ಹತ್ತು, ಹನ್ನೆರಡು. ಕೊನೆಯ ದಿನ ಮಧ್ಯಾಹ್ನ ಹದಿನಾಲ್ಕಕ್ಕೆ ನಿಂತಿತು. ಪ್ರಾಂಶುಪಾಲರು ಗಡಿಯಾರ ನೋಡುತ್ತಿದ್ದರು. ನಾನು ಕೌಂಟರಿನಿಂದ ಗೇಟಿಗೆ, ಗೇಟಿನಿಂದ ಕೌಂಟರಿಗೆ ಎಷ್ಟು ಸಲ ತಿರುಗಿದೆನೋ, ಜವಾನ, “ಕೂತ್ಕಳಿ ಮೇಡಂ, ನೋಡೋರ್ಗೆ ತಲೆ ತಿರುಗ್ತದೆ” ಎಂದ. ಮೂರೂವರೆಗೆ ಕೊಪ್ಪದ ಆ ಹುಡುಗಿ ಒಬ್ಬಳೇ ಬಂದಳು. ಬಿಕಾಂ ಅರ್ಜಿ ಮುಂದಿಟ್ಟು, “ಬದಲಾಯಿಸ್ಕೊಡಿ ಮೇಡಂ. ಅಪ್ಪ ಒಪ್ಕಂಡ್ರು. ಚಾಕಿಯಮ್ಮನ ತಾವಾನೇ ಕರ್ಕೊಂಡೋಗಿ ಕೇಳಿದ್ರು” ಎಂದಳು. ಹಿಂದೆಯೇ ಇನ್ನೊಬ್ಬ ಬಂದ. ಹದಿನಾರು! ನಾನು ಆ ಹುಡುಗಿಯ ಕೆನ್ನೆ ಹಿಂಡಿಬಿಟ್ಟೆ, ಪಾಪ, ಅವಳಿಗೆ ಏನೂ ಅರ್ಥವಾಗಲಿಲ್ಲ.

ಓಡಿದೆ. ರೇಷ್ಮೆ ಮೇಷ್ಟ್ರು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಗಳಿಗೆ ಬಟ್ಟೆ ಮುಚ್ಚುತ್ತಿದ್ದರು.

“ಮೇಷ್ಟ್ರೇ, ಹದಿನಾರು ಆಯ್ತು! ನಿಮ್ಮ ರೇಷ್ಮೆ ಉಳೀತು.”

“ಸಂತೋಷ ಮೇಡಂ” ಎಂದರು. ನಿಜಕ್ಕೂ ಕಣ್ಣಲ್ಲಿ ನೀರಿತ್ತು. ಆಮೇಲೆ, “ನಾನು ಈ ಸಲ ಅರ್ಜಿ ಹಾಕ್ಲಿಲ್ಲ” ಎಂದರು.

“ಯಾವ ಅರ್ಜಿ?”

“ಅತಿಥಿ ಉಪನ್ಯಾಸಕರದ್ದು. ನಿನ್ನೆ ಕೊನೇ ದಿನ ಇತ್ತು.”

“ತಲೆ ಕೆಟ್ಟಿದೆಯೇನ್ರಿ ನಿಮಗೆ?” ನಾನು ಕೂಗಿಯೇಬಿಟ್ಟೆ.

“ಕೊಪ್ಪದಲ್ಲಿ ಚಾಕಿಯಮ್ಮ ಅಂತಾರಲ್ಲ, ಆ ಹುಡುಗಿ ಇನ್ನೊಂದು ಚಾಕಿ ಮನೆ ಕಟ್ಟುಸ್ತಾವ್ಳೆ. ನೋಡ್ಕೊಳೋಕೆ ತಿಳಿದೋರು ಬೇಕಂತೆ. ಹೋಗಿ ಕೇಳ್ದೆ. ಪಾಲು ಕೊಡ್ತೀನಿ ಬನ್ನಿ ಸಾರ್ ಅಂದ್ಲು.”

“ಶಿಷ್ಯೆ ಕೈಕೆಳಗೆ ಹೋಗ್ತೀರಾ?” ಆಡಿದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

“ಹದಿನಾಲ್ಕು ವರ್ಷ ಜ್ವರ, ಸೊಪ್ಪು, ಬಿಸಿ ಅಂತ ಬೋರ್ಡ್ ಮೇಲೆ ಬರ್ದೆ ಮೇಡಂ. ಒಂದ್ ಸಲಾನೂ ನಂದೇ ಅಂತ ಒಂದು ತಟ್ಟೆ ಹುಳ ಸಾಕ್ಲಿಲ್ಲ.”

“ನಾನು ಇಷ್ಟೆಲ್ಲ ಹೊಡೆದಾಡಿದ್ದು ಯಾರಿಗೋಸ್ಕರ ಮತ್ತೆ? ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀವು ಬಿಡ್ತಿರ್ಲಿಲ್ಲ.” ಬೀಗದ ಕೈ ನನ್ನ ಕಡೆ ನೀಡಿದರು. “ಮೊನ್ನೆ ಎಲ್ಲಾ ಹೋದ್ಮೇಲೆ ಗೋಡೆ ಮುಂದೆ ನಿಂತು ಒಂದೊಂದೇ ಸಾಲು ಓದಿದೆ. ನಡುವೆ ಒಂದು ಸಾಲು ಬಂತು. ಎಂಎಸ್ಸಿ, ಜಮೀನಿಲ್ಲ, ಹತ್ತು ತಿಂಗಳು ಪಾಠ, ರಜೆಯಲ್ಲಿ ಗೊಬ್ಬರದಂಗಡಿ. ಅಯ್ಯೋ ಪಾಪ, ಯಾರಪ್ಪ ಇವನು ಅಂದ್ಕೊಂಡೆ. ಒಂದು ಗಳಿಗೆ ಗೊತ್ತೇ ಆಗ್ಲಿಲ್ಲ ಮೇಡಂ, ಅದು ನಾನೇ ಅಂತ.”

ಅವರು ಚೀಲ ಹೆಗಲಿಗೇರಿಸಿ, “ಬತ್ತೀನಿ” ಎಂದು ಹೋದರು. ಕಿಟಕಿಯಿಂದ ನೋಡಿದರೆ ಸರಸರ ನಡೆಯುತ್ತಿದ್ದರು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ನೋಡಿರಲಿಲ್ಲ.

ಪ್ರಾಂಶುಪಾಲರಿಗೆ ಹೇಳಿದಾಗ ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಕೌನ್ಸೆಲಿಂಗ್‌ನಲ್ಲಿ ಯಾರಾದ್ರೂ ಹೊಸ ಅತಿಥಿ ಬರ್ತಾರೆ. ಅಲ್ಲೀವರೆಗೆ ನೀವೇ ನೋಡ್ಕೊಳ್ಳಿ ಮೇಡಂ. ನಿಮ್ಮಿಂದಾನೇ ತಾನೆ ಉಳಿದಿದ್ದು” ಎಂದರು. ಅದರಲ್ಲಿ ಕುಟುಕಿದ್ದೆಷ್ಟು, ನಿಜವೆಷ್ಟು ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ.

ಮುಂದಿನ ಸೋಮವಾರ ತರಗತಿ ಶುರುವಾಯಿತು. ಹಾಜರಿ ಪುಸ್ತಕ ಹಿಡಿದು ರೇಷ್ಮೆ ಕೋಣೆಗೆ ಹೋದೆ. ಹೊಸ ನೋಟ್ ಬುಕ್ಕು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೊಪ್ಪದ ಹುಡುಗಿ ಮೊದಲ ಬೆಂಚಿನಲ್ಲಿ ಎದ್ದು ನಿಂತಳು.

“ಮೇಡಂ, ನಮ್ಗೆ ಪಾಠ ಮಾಡೋರು ಯಾರು?”

“ಬರ್ತಾರೆ ಕೂತ್ಕೊಳಮ್ಮ” ಎಂದೆ. ಯಾರು, ಯಾವಾಗ ಎಂದು ನನಗೆ ಗೊತ್ತಿರಲಿಲ್ಲ. ಹಾಜರಿ ಕೂಗಲು ಶುರು ಮಾಡಿದೆ. ಹದಿನಾರು ಜನವೂ ಬಂದಿದ್ದರು.